ರಸಾಯನಶಾಸ್ತ್ರ ಕಲಿಸೋದು ಹೇಗೆ? ಸುಣ್ಣ, ಅರಿಶಿನ, ಬಿದ್ರಿಯಿಂದ ಶುರು ಮಾಡೋಣ

ಹತ್ತನೇ ತರಗತಿಯ ಮಕ್ಕಳನ್ನು ಯಾವ ವಿಷಯ ಕಷ್ಟ ಅಂತ ಕೇಳಿ ನೋಡಿ. ಮೊದಲು ಗಣಿತದ ಹೆಸರು ಬರುತ್ತೆ, ಅದರ ಬೆನ್ನಿಗೇ ಕೆಮಿಸ್ಟ್ರಿ. ಗಣಿತಕ್ಕೆ ಹೆದರುವ ಮಗು "ಲೆಕ್ಕ ಬರಲ್ಲ" ಅನ್ನುತ್ತೆ. ಕೆಮಿಸ್ಟ್ರಿಗೆ ಹೆದರುವ ಮಗು "ಎಷ್ಟು ಓದಿದ್ರೂ ನೆನಪು ಉಳಿಯಲ್ಲ" ಅನ್ನುತ್ತೆ. ಈ ಎರಡನೇ ಮಾತನ್ನು ಸ್ವಲ್ಪ ಗಮನಿಸಿ. ರಸಾಯನಶಾಸ್ತ್ರ ಎಂದರೆ ನೆನಪಿಟ್ಟುಕೊಳ್ಳಬೇಕಾದ ಪಟ್ಟಿ ಅಂತ ಆ ಮಗು ತಿಳಿದಿದೆ. ಹಾಗಂತ ಅದಕ್ಕೆ ತಿಳಿಸಿದವರು ನಾವೇ: ಶಿಕ್ಷಕರು, ಗೈಡುಗಳು, ಟ್ಯೂಷನ್ನುಗಳು.

ನಾನು ಹೈದರಾಬಾದಿನಲ್ಲಿ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಮನೆಯಲ್ಲಿ ದಖನಿ ಉರ್ದು ಮಾತಾಡುವವರಿದ್ದಾರೆ, ಬೀದರ್-ಕಲಬುರಗಿ ಕಡೆಯಿಂದ ಬಂದ ಕನ್ನಡದ ಮನೆಗಳ ಮಕ್ಕಳೂ ಇದ್ದಾರೆ. ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿದೆ. ಮುಂಬೈ, ಪುಣೆ, ಚೆನ್ನೈಯಲ್ಲಿರುವ ನಿಮ್ಮ ಮಕ್ಕಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ ಇರಬಹುದು. ನೀವು ಶಿಕ್ಷಕರಾಗಿದ್ದರೂ ಸರಿ, ರಾತ್ರಿ ಊಟ ಮುಗಿಸಿ ಮಗುವಿನ ಪಕ್ಕ ಕೂತು ಪಾಠ ಓದಿಸುವ ತಂದೆತಾಯಿಯಾಗಿದ್ದರೂ ಸರಿ, ಕೆಳಗಿನ ವಿಷಯಗಳು ಉಪಯೋಗಕ್ಕೆ ಬರುತ್ತವೆ ಎಂದು ನಂಬಿದ್ದೇನೆ.

ಕಷ್ಟ ಇರೋದು ಎಲ್ಲಿ?

ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಅಲೆಕ್ಸ್ ಜಾನ್‌ಸ್ಟನ್ 1991ರಲ್ಲಿ ಈ ಪ್ರಶ್ನೆಗೆ ಒಂದು ಸರಳ ಉತ್ತರ ಕೊಟ್ಟರು. ಈ ವಿಷಯಕ್ಕೆ ಮೂರು ಮಟ್ಟಗಳಿವೆ ಎಂದರು. ಮೊದಲನೆಯದು ಕಣ್ಣಿಗೆ ಕಾಣುವುದು: ಬಣ್ಣ, ವಾಸನೆ, ಹೊಗೆ, ಬಿಸಿ. ಎರಡನೆಯದು ಕಣ್ಣಿಗೆ ಕಾಣದ ಅಣು, ಪರಮಾಣುಗಳ ಲೋಕ. ಮೂರನೆಯದು ಕಾಗದದ ಮೇಲಿನ ಚಿಹ್ನೆ, ಸೂತ್ರ, ಸಮೀಕರಣ. ಕಲಿತವರು ಈ ಮೂರರ ನಡುವೆ ಸಲೀಸಾಗಿ ಓಡಾಡುತ್ತಾರೆ. "ಮೆಗ್ನೀಸಿಯಂ ಉರಿದು ಆಕ್ಸೈಡ್ ಆಗುತ್ತೆ" ಎಂದು ಹೇಳುತ್ತಲೇ ಶಿಕ್ಷಕರ ಕೈ ಬೋರ್ಡಿನ ಮೇಲೆ ಸಮೀಕರಣ ಬರೆದು ಮುಗಿಸಿರುತ್ತದೆ. ಹೊಸದಾಗಿ ಕಲಿಯುವ ಮಗುವಿಗೆ ಮೂರನ್ನೂ ಒಂದೇ ಏಟಿಗೆ ತಲೆಯಲ್ಲಿ ಹಿಡಿದಿಡೋದು ಆಗಲ್ಲ. ಕೊನೆಗೆ ಅದರ ಕೈಗೆ ಸಿಗೋದು ಮೂರನೆಯದು ಮಾತ್ರ, ಅಂದರೆ ಅರ್ಥವಿಲ್ಲದ ಅಕ್ಷರಗಳು. ಅರ್ಥವಿಲ್ಲದ್ದನ್ನು ಬಾಯಿಪಾಠ ಮಾಡದೆ ಇನ್ನೇನು ಮಾಡೀತು?

ಹಾಗಾಗಿ ಪಾಠದ ಕ್ರಮ ಹೀಗಿರಲಿ. ಮೊದಲು ಕಣ್ಣಿಗೆ ತೋರಿಸಿ. ಆಮೇಲೆ ಅಣುಗಳ ಚಿತ್ರ ಬರೆಸಿ. ಸೂತ್ರ ಕೊನೆಗೆ ಬರಲಿ.

ಒಂದು ಉದಾಹರಣೆ ಕೊಡುತ್ತೇನೆ. ನಾಳೆ ನಿಮ್ಮ ಮಗುವನ್ನು ಕೇಳಿ: ಕುದಿಯುವ ನೀರಿನಲ್ಲಿ ದೊಡ್ಡ ದೊಡ್ಡ ಗುಳ್ಳೆ ಏಳುತ್ತವಲ್ಲ, ಅದರೊಳಗೆ ಏನಿದೆ? "ಗಾಳಿ" ಅನ್ನೋ ಉತ್ತರ ಬರಬಹುದು. ಸ್ವಲ್ಪ ಓದಿದ ಮಗುವಾದರೆ "ಹೈಡ್ರೋಜನ್, ಆಕ್ಸಿಜನ್" ಅನ್ನಬಹುದು. ಎರಡೂ ತಪ್ಪು. ಗುಳ್ಳೆಯೊಳಗಿರೋದು ನೀರಿನ ಆವಿ, ಅಂದರೆ ನೀರೇ. ಇದನ್ನು ಹೇಳಿ ಮುಗಿಸಬೇಡಿ. ಒಂದು ಹಾಳೆ ಕೊಟ್ಟು, ಪಾತ್ರೆಯಲ್ಲಿ ಹತ್ತು ನೀರಿನ ಅಣು, ಗುಳ್ಳೆಯಲ್ಲಿ ಹತ್ತು ಅಣು ಬರೆಯಲು ಹೇಳಿ. ಎರಡೂ ಕಡೆ ಅಣುವಿನ ಆಕಾರ ಒಂದೇ ಇರಬೇಕು, ಗುಳ್ಳೆಯಲ್ಲಿ ಮಾತ್ರ ಅವು ದೂರದೂರ ಇರಬೇಕು. ಮಗು ಅಣುವನ್ನೇ ಒಡೆದು ಬರೆದರೆ ತಿಳಿವಳಿಕೆ ಎಲ್ಲಿ ತಪ್ಪಿದೆ ಅಂತ ನಿಮಗೆ ಆ ಕ್ಷಣವೇ ಗೊತ್ತಾಗುತ್ತೆ. ಹತ್ತು ಅಂಕದ ಟೆಸ್ಟಿನಲ್ಲಿ ಇದು ಗೊತ್ತಾಗಲ್ಲ.

ಹಾಗಾದರೆ ನೀರನ್ನು ನಿಜವಾಗಿ ಒಡೆಯೋದು ಹೇಗೆ? ಎರಡು ಪೆನ್ಸಿಲ್‌ಗಳ ಎರಡೂ ತುದಿ ಚೂಪು ಮಾಡಿ, 9 ವೋಲ್ಟ್ ಬ್ಯಾಟರಿಗೆ ವೈರಿನಿಂದ ಜೋಡಿಸಿ, ಸ್ವಲ್ಪ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ. ಎರಡೂ ತುದಿಯಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ, ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಹೆಚ್ಚು ಇರುವ ಕಡೆ ಹೈಡ್ರೋಜನ್. "ಎಚ್-ಟು-ಒ" ಅನ್ನೋದರ ಆ "ಟು" ಈಗ ಕಣ್ಣೆದುರಿಗೇ ಇದೆ. ಅಡುಗೆ ಉಪ್ಪು ಮಾತ್ರ ಹಾಕಬೇಡಿ, ಕ್ಲೋರಿನ್ ಅನಿಲ ಹುಟ್ಟುತ್ತೆ.

ಪದಗಳ ಸಿಕ್ಕು

ನಮ್ಮಂಥ ಎರಡು-ಮೂರು ಭಾಷೆಯ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಅದನ್ನೇ ಅನುಕೂಲ ಮಾಡಿಕೊಳ್ಳೋಕೂ ಬರುತ್ತೆ.

"ಸಾಲ್ಟ್" ಅನ್ನೋ ಪದ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಊಟದ ಉಪ್ಪಿಗೂ ಅದೇ ಪದ, ರಸಾಯನಶಾಸ್ತ್ರದ ಒಂದು ಇಡೀ ವರ್ಗಕ್ಕೂ ಅದೇ ಪದ. ಉರ್ದುವಿನಲ್ಲೂ ಎರಡಕ್ಕೂ "ನಮಕ್". ಮೈಲುತುತ್ತ ಒಂದು ಸಾಲ್ಟ್ ಎಂದು ಹೇಳಿದರೆ "ಹಾಗಾದ್ರೆ ತಿನ್ನಬಹುದಾ ಟೀಚರ್?" ಅಂತ ಕೇಳುವ ಮಗುವಿನದು ತಪ್ಪಲ್ಲ. ಮೈಲುತುತ್ತ ವಿಷ. ಕನ್ನಡದಲ್ಲಿ ಈ ಗೊಂದಲ ಇಲ್ಲ. ತಟ್ಟೆಯಲ್ಲಿರೋದು ಉಪ್ಪು, ವರ್ಗದ ಹೆಸರು ಲವಣ. ಉಪ್ಪು ಒಂದು ಲವಣ, ಎಲ್ಲ ಲವಣವೂ ಉಪ್ಪಲ್ಲ. ಇಂಗ್ಲಿಷ್ ಮಾಧ್ಯಮದ ತರಗತಿಯಲ್ಲೂ ಈ ಒಂದು ಕನ್ನಡ ವಾಕ್ಯ ಹೇಳಿದರೆ ಹತ್ತು ನಿಮಿಷದ ವಿವರಣೆ ಉಳಿಯುತ್ತೆ.

ಇನ್ನೊಂದು ಕಡೆ ಕನ್ನಡವೇ ಮೋಸ ಮಾಡುತ್ತೆ. ಆಕ್ಸಿಜನ್‌ಗೆ ನಾವು "ಆಮ್ಲಜನಕ" ಅಂತೀವಿ, ಅಂದರೆ ಆಮ್ಲವನ್ನು ಹುಟ್ಟಿಸುವುದು. ಇದು ಮೂಲ ಪದದ ನೇರ ಅರ್ಥ. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನ ಲವಾಸಿಯೇ ಎಲ್ಲ ಆಮ್ಲಗಳಲ್ಲೂ ಆಕ್ಸಿಜನ್ ಇರಲೇಬೇಕು ಎಂದು ನಂಬಿ ಆ ಹೆಸರಿಟ್ಟರು. ಆಮೇಲೆ ಇಂಗ್ಲೆಂಡಿನ ಹಂಫ್ರಿ ಡೇವಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲ ಎಂದು ತೋರಿಸಿದರು. ನಂಬಿಕೆ ಹೋಯಿತು, ಹೆಸರು ಉಳಿಯಿತು. ದೊಡ್ಡ ವಿಜ್ಞಾನಿಯ ಊಹೆಯನ್ನೂ ಒಂದು ಪ್ರಯೋಗ ಬದಲಾಯಿಸಬಹುದು ಅನ್ನೋದನ್ನು ಮಕ್ಕಳಿಗೆ ಹೇಳೋಕೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ಉರ್ದು ಬಲ್ಲ ಮಕ್ಕಳಿಗೆ ಆ ಭಾಷೆಯ ಹಾದಿಯನ್ನೂ ತೆರೆಯಿರಿ. ಇಂಗ್ಲಿಷಿನ "ಅಲ್ಕಲಿ" ಬಂದಿರೋದು ಅರಬಿಯ "ಅಲ್-ಕಲೀ"ಯಿಂದ, ಅಂದರೆ ಕೆಲವು ಗಿಡಗಳನ್ನು ಸುಟ್ಟು ಪಡೆದ ಕ್ಷಾರದ ಬೂದಿ. "ಕೆಮಿಸ್ಟ್ರಿ"ಯ ಹಿಂದೆ "ಕೀಮಿಯಾ" ಇದೆ. ಉರ್ದುವಿನ "ತುರ್ಶಾ" ಎಂದರೆ ಆಮ್ಲ, "ತುರ್ಶ್" ಎಂದರೆ ಹುಳಿ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಉರ್ದು ಮಾಧ್ಯಮದಲ್ಲೇ ಶುರುವಾದಾಗ, ಅದಕ್ಕೆ ಪುಸ್ತಕಗಳನ್ನು ಒದಗಿಸಲು 1917ರಲ್ಲೇ ದಾರುಲ್ ತರ್ಜುಮಾ ಎಂಬ ಅನುವಾದ ವಿಭಾಗ ತೆರೆದಿದ್ದರು. ವಿಜ್ಞಾನದ ಪದಗಳನ್ನು ಉರ್ದುವಿಗೆ ತರಲು ವಿದ್ವಾಂಸರು ವರ್ಷಗಟ್ಟಲೆ ಕೂತು ಕೆಲಸ ಮಾಡಿದರು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ತನ್ನ ಮನೆಮಾತಿಗೂ ಈ ಶಾಸ್ತ್ರಕ್ಕೂ ಸಂಬಂಧವೇ ಇಲ್ಲ ಅಂತ ತಿಳಿದ ಮಗುವಿನ ಅಂಜಿಕೆ ಇದರಿಂದ ಸ್ವಲ್ಪ ಕಡಿಮೆಯಾಗುತ್ತೆ.

ನಾನು ಮಾಡಿಸುವ ಕೆಲಸ ಇಷ್ಟೇ: ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಮೂರು ಕಾಲಂ. ಇಂಗ್ಲಿಷ್ ಪದ, ಮನೆಮಾತಿನ ಪದ, ಸ್ವಂತ ಉದಾಹರಣೆ. ಪರೀಕ್ಷೆಗೆ ಇಂಗ್ಲಿಷ್ ಪದವೇ ಬೇಕು, ಅದನ್ನು ಬಿಡೋ ಹಾಗಿಲ್ಲ. ಯೋಚನೆ ಮಾತ್ರ ಮನೆಮಾತಿನಲ್ಲಿ ನಡೆಯಲಿ.

ಲ್ಯಾಬ್ ಇಲ್ಲದಿದ್ದರೆ?

ಎಷ್ಟೋ ಶಾಲೆಗಳಲ್ಲಿ ಪ್ರಯೋಗಾಲಯ ಅಂದ್ರೆ ಬೀಗ ಹಾಕಿದ ಒಂದು ಕೋಣೆ. ಹಾಗಂತ ಸುಮ್ಮನೆ ಕೂರಬೇಕಿಲ್ಲ.

ಬಿಳಿ ಬಟ್ಟೆಯ ಮೇಲೆ ಅರಿಶಿನದ ಕಲೆ ಆಗಿದೆ, ಅದಕ್ಕೆ ಸಾಬೂನು ಹಚ್ಚಿದಾಗ ಕೆಂಪಾಗೋದನ್ನು ಎಲ್ಲ ಮನೆಯಲ್ಲೂ ನೋಡಿದ್ದಾರೆ. ನೋಡಿದ್ದಾರೆ, ಆದರೆ ಯಾಕೆ ಅಂತ ಯಾರೂ ಕೇಳಿಲ್ಲ. ಅರಿಶಿನ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಗಳನ್ನು ಹಂಚಿ. ಮುಂದೆ ನಿಂಬೆರಸ, ಸಾಬೂನಿನ ನೀರು, ಸುಣ್ಣದ ತಿಳಿನೀರು, ಬರೀ ನೀರು ಇಡಿ. ಅದ್ದುವ ಮೊದಲು ಒಂದು ನಿಯಮ: ಏನಾಗುತ್ತೆ ಅಂತ ಪ್ರತಿಯೊಬ್ಬರೂ ಬರೆಯಬೇಕು, ಯಾಕೆ ಅನ್ನೋದನ್ನೂ ಬರೆಯಬೇಕು. ಆಮೇಲೆ ಅದ್ದಿ ನೋಡೋದು. ಕೊನೆಗೆ, ಬರೆದದ್ದಕ್ಕೂ ಕಂಡದ್ದಕ್ಕೂ ವ್ಯತ್ಯಾಸ ಇದ್ದರೆ ಅದನ್ನು ವಿವರಿಸೋದು. ಊಹಿಸು, ನೋಡು, ವಿವರಿಸು: ಈ ಮೂರು ಹೆಜ್ಜೆಯ ವಿಧಾನ ಜಗತ್ತಿನ ಅನೇಕ ಕಡೆ ಬಳಕೆಯಲ್ಲಿದೆ. ಊಹೆ ಬರೆದ ಮಗು ಕೈಕಟ್ಟಿ ನೋಡುವ ಪ್ರೇಕ್ಷಕನಾಗಿ ಉಳಿಯಲ್ಲ, ಕ್ರಿಕೆಟ್ಟಿನಲ್ಲಿ ತನ್ನ ಟೀಮು ಆಡುವಾಗ ನೋಡೋ ಹಾಗೆ ನೋಡುತ್ತೆ.

ಕ್ಷಾರದಲ್ಲಿ ಅರಿಶಿನ ಕೆಂಪಾಗುತ್ತೆ, ಆಮ್ಲದಲ್ಲಿ ಹಳದಿಯಾಗೇ ಇರುತ್ತೆ. ಆಗ ಮುಂದಿನ ಪ್ರಶ್ನೆ ತಾನಾಗೇ ಬರುತ್ತೆ: ನಿಂಬೆರಸಕ್ಕೂ ಬರೀ ನೀರಿಗೂ ವ್ಯತ್ಯಾಸ ಕಾಣ್ತಿಲ್ಲವಲ್ಲ? ಅದಕ್ಕೆ ದಾಸವಾಳದ ರಸ ಬೇಕು. ಅದು ಆಮ್ಲದಲ್ಲಿ ಕಡು ಗುಲಾಬಿ, ಕ್ಷಾರದಲ್ಲಿ ಹಸಿರು. ಒಂದು ಸೂಚಕ ಹೇಳದ್ದನ್ನು ಇನ್ನೊಂದು ಹೇಳುತ್ತೆ ಅನ್ನೋದು ಇಲ್ಲಿ ಅನುಭವದಿಂದ ಬಂತು.

ಸುಣ್ಣ ಒಂದೇ ಸಾಕು, ಒಂದು ವಾರದ ಪಾಠ

ಒಂದೇ ವಸ್ತುವಿನ ಬೆನ್ನು ಹತ್ತಿ ಹೋಗೋದು ನನಗೆ ತುಂಬ ಫಲ ಕೊಟ್ಟ ವಿಧಾನ. ಸುಣ್ಣವನ್ನೇ ನೋಡಿ. ನಮ್ಮ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲೇ. ಅದರ ಮೇಲೆ ಟಾಯ್ಲೆಟ್ ಆಸಿಡ್ ಬಿದ್ದರೆ ನೊರೆ ಬಂದು ಕಲೆಯಾಗುತ್ತೆ. ಆ ನೊರೆ ಕಾರ್ಬನ್ ಡೈಆಕ್ಸೈಡ್. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಸಿದರೆ ಅದೇ ಅನಿಲ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳಿದ ಸುಣ್ಣ ಆಗುತ್ತೆ. ಅದನ್ನು ಗೋಡೆಗೆ ಬಳಿದರೆ ಎರಡು-ಮೂರು ದಿನದಲ್ಲಿ ಗಟ್ಟಿಯಾಗಿ ಹೊಳಪು ಬರುತ್ತೆ. ಯಾಕಂದ್ರೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು ಅದು ಮತ್ತೆ ಸುಣ್ಣದ ಕಲ್ಲಿನ ವಸ್ತುವೇ ಆಗಿರುತ್ತೆ. ಕಲ್ಲು ಊರೆಲ್ಲ ಸುತ್ತಿ ಗೋಡೆಯ ಮೇಲೆ ಮತ್ತೆ ಕಲ್ಲಾಗಿ ಕೂತಿತು.

ತರಗತಿಯಲ್ಲಿ ಇದರ ಕೊನೆಯ ಭಾಗವನ್ನು ತೋರಿಸಬಹುದು. ಪಾನ್ ಅಂಗಡಿಯ ಸುಣ್ಣವನ್ನು ಶಿಕ್ಷಕರೇ ಒಂದು ಬಾಟಲಿ ನೀರಿನಲ್ಲಿ ಕಲಸಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ಬಸಿದುಕೊಳ್ಳಲಿ. ಸ್ಟ್ರಾದಿಂದ ಉಸಿರು ಊದಿದರೆ ತಿಳಿನೀರು ಹಾಲಿನಂತಾಗುತ್ತೆ. ಊದೋದು ಮಾತ್ರ, ಎಳೆದುಕೊಳ್ಳಬಾರದು. ಇನ್ನೂ ಊದುತ್ತಾ ಹೋದರೆ ಮತ್ತೆ ತಿಳಿಯಾಗುತ್ತೆ. ಯಾಕೆ? ಆ ಪ್ರಶ್ನೆಯನ್ನು ಮನೆಗೆ ಕಳಿಸಿ, ಮರುದಿನ ಉತ್ತರ ಕೇಳಿ. ಹೆಚ್ಚಿನ ಕಾರ್ಬನ್ ಡೈಆಕ್ಸೈಡ್ ಸೇರಿದಾಗ ನೀರಿನಲ್ಲಿ ಕರಗುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಆಗುತ್ತೆ ಅನ್ನೋದನ್ನು ಆಗ ಹೇಳಿದರೆ ಅದು ಮನಸ್ಸಿನಲ್ಲಿ ಕೂರುತ್ತೆ.

ಬಿದ್ರಿ ಮತ್ತು ಕಲಾಯಿ

ಪಠ್ಯಪುಸ್ತಕದಲ್ಲಿ ಕಬ್ಬಿಣದ ಮೊಳೆಯನ್ನು ಮೈಲುತುತ್ತದ ದ್ರಾವಣಕ್ಕೆ ಹಾಕುವ ಪ್ರಯೋಗ ಇದೆ. ಮೊಳೆಯ ಮೇಲೆ ತಾಮ್ರ ಕೂರುತ್ತೆ, ನೀಲಿ ಬಣ್ಣ ಮಾಸುತ್ತೆ. ಇದು ಸ್ಥಾನಪಲ್ಲಟ ಕ್ರಿಯೆ. ಹೆಚ್ಚು ಚುರುಕಾದ ಲೋಹ ಕಡಿಮೆ ಚುರುಕಾದ ಲೋಹವನ್ನು ಅದರ ಲವಣದಿಂದ ಹೊರಗೆ ತಳ್ಳುತ್ತೆ. ನಮ್ಮ ಬೀದರಿನ ಕುಶಲಕರ್ಮಿಗಳು ಇದನ್ನೇ ದಿನಾ ಮಾಡುತ್ತಾರೆ. ಬಿದ್ರಿ ಪಾತ್ರೆಯ ಮಿಶ್ರಲೋಹದಲ್ಲಿ ಸತುವೇ ಹೆಚ್ಚು, ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ. ಎರಕ ಹೊಯ್ದ ಮೇಲೆ ಅದಕ್ಕೆ ಮೈಲುತುತ್ತದ ನೀರು ಬಳಿದರೆ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತೆ, ಕೊರೆಯುವ ಗೆರೆ ಎದ್ದು ಕಾಣುತ್ತೆ. ಸತು ಕರಗಿ ತಾಮ್ರ ನುಣ್ಣಗೆ ಕೂತಿರುತ್ತೆ. ಕೊರೆದ ಗೆರೆಗಳಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಸೇರಿಸಿದ ಬಿಸಿ ಲೇಪದಲ್ಲಿ ಇಡುತ್ತಾರೆ. ಮಿಶ್ರಲೋಹ ಕಾಯಂ ಕಪ್ಪಾಗುತ್ತೆ, ಬೆಳ್ಳಿ ಹೊಳೆಯುತ್ತಲೇ ಇರುತ್ತೆ. ಬೆಳ್ಳಿ ಯಾಕೆ ಕಪ್ಪಾಗಲಿಲ್ಲ? ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯನ್ನು ಬೋರ್ಡಿನ ಮೇಲೆ ಬರೆದು, ಸತು ಎಲ್ಲಿದೆ, ಬೆಳ್ಳಿ ಎಲ್ಲಿದೆ ಅಂತ ಮಕ್ಕಳೇ ಹುಡುಕಲಿ.

ಕಲಾಯಿಯೂ ಹಾಗೆ. ಹಿತ್ತಾಳೆ ಪಾತ್ರೆ ಕಾಸಿ, ನವಸಾಗರದ ಪುಡಿ ಎರಚಿ, ತವರ ಸವರಿದಾಗ ಬಿಳಿ ಹೊಗೆ ಏಳುತ್ತೆ. ನವಸಾಗರ ಎಂದರೆ ಅಮೋನಿಯಂ ಕ್ಲೋರೈಡ್. ಬಿಸಿಗೆ ಅದು ಒಡೆದು ಬರುವ ಹೈಡ್ರೋಜನ್ ಕ್ಲೋರೈಡ್ ಪಾತ್ರೆಯ ಮೇಲಿನ ಆಕ್ಸೈಡ್ ಪದರವನ್ನು ತೆಗೆಯುತ್ತೆ, ಆಮೇಲೆ ತವರ ಗಟ್ಟಿಯಾಗಿ ಹಿಡಿಯುತ್ತೆ. ತವರ ಕರಗೋದು 232 ಡಿಗ್ರಿಗೆ, ಅದಕ್ಕೇ ಸಣ್ಣ ಒಲೆ ಸಾಕು. ಕಲಾಯಿ ಮಾಡುವವರು ಶಾಲೆಯ ಹತ್ತಿರ ಇದ್ದರೆ ಒಂದು ದಿನ ಕರೆಸಿ. ಅವರ ಕೆಲಸದಲ್ಲಿ ಶಾಸ್ತ್ರ ಇದೆ ಅಂತ ಮಕ್ಕಳೆದುರು ಹೇಳಿದರೆ ಅವರಿಗೂ ಗೌರವ, ಅಂಥ ಮನೆಯಿಂದ ಬಂದ ಮಗುವಿಗೂ ಧೈರ್ಯ.

ಸಮೀಕರಣಕ್ಕೆ ಬಾಟಲಿ ಮುಚ್ಚಳ

ಈಗ ಚಿಹ್ನೆಗೆ ಬರೋಣ. ಎರಡು ಬಣ್ಣದ ಮುಚ್ಚಳಗಳನ್ನು ಕೂಡಿಹಾಕಿ: ಬಿಳಿ ಹೈಡ್ರೋಜನ್, ಕೆಂಪು ಆಕ್ಸಿಜನ್. ಜೋಡಿಯಾಗಿರುವ ಬಿಳಿ ಮತ್ತು ಜೋಡಿಯಾಗಿರುವ ಕೆಂಪು ಮುಚ್ಚಳಗಳಿಂದ ನೀರು ಮಾಡಲು ಹೇಳಿ. ಒಂದು ಕೆಂಪು ಮಿಕ್ಕುತ್ತೆ. ಅದನ್ನು ಬಿಸಾಡೋ ಹಾಗಿಲ್ಲ. ಇನ್ನೊಂದು ಜೋಡಿ ಬಿಳಿ ತಂದಾಗ ಎರಡು ನೀರು ಆಗುತ್ತೆ. ಸಮೀಕರಣ ಸರಿದೂಗಿತು. ಕೆಲವು ಮಕ್ಕಳು ಮಿಕ್ಕ ಕೆಂಪನ್ನು ಅದೇ ಅಣುವಿಗೆ ಅಂಟಿಸುತ್ತಾರೆ. ಆಗ ಹೇಳಿ: ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳೆಯುವ ಔಷಧಿಯಲ್ಲಿರೋದು. ಕೆಳಗಿನ ಸಣ್ಣ ಅಂಕಿ ಬದಲಾಯಿಸಿದರೆ ವಸ್ತುವೇ ಬದಲಾಗುತ್ತೆ ಅನ್ನೋದು ಕೈಗೆ ತಿಳಿದ ಮೇಲೆ ಬಾಯಿಪಾಠ ಬೇಕಿಲ್ಲ.

ಮೋಲ್ ಅನ್ನೋದಕ್ಕೂ ಇದೇ ದಾರಿ. 18 ಗ್ರಾಂ ನೀರು ಅಳೆದು ಅಂಗೈ ಮೇಲೆ ತೋರಿಸಿ, ಒಂದು ದೊಡ್ಡ ಚಮಚಕ್ಕಿಂತ ತುಸು ಹೆಚ್ಚು. ಅದರಲ್ಲಿರುವ ಅಣುಗಳ ಸಂಖ್ಯೆ 6022ರ ಮುಂದೆ 20 ಸೊನ್ನೆ ಬರೆದಷ್ಟು. ಡಜನ್ ಅಂದ್ರೆ 12 ಹೇಗೋ, ಮೋಲ್ ಅಂದ್ರೆ ಇಷ್ಟು. ಎಣಿಸಲಾಗದ್ದನ್ನು ತೂಕ ಮಾಡಿ ಲೆಕ್ಕ ಹಿಡಿಯುವ ಉಪಾಯ ಅದು.

ಜೀವಕ್ಕೆ ಸಂಬಂಧಿಸಿದ ಪಾಠ

ಇದನ್ನು ಓದದೆ ದಾಟಬೇಡಿ. ಬಚ್ಚಲುಮನೆ ತೊಳೆಯುವಾಗ ಬೇಗ ಶುಭ್ರವಾಗಲಿ ಅಂತ ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಎರಡನ್ನೂ ಒಟ್ಟಿಗೆ ಹಾಕುವವರಿದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಬಿಡುಗಡೆಯಾಗುತ್ತೆ. ಕಿಟಕಿಯಿಲ್ಲದ ಸಣ್ಣ ಬಚ್ಚಲಿನಲ್ಲಿ ಅದು ಪುಪ್ಪುಸಕ್ಕೆ ಹಾನಿ ಮಾಡುತ್ತೆ, ಜೀವವನ್ನೇ ತೆಗೆಯಬಹುದು. ನಗರಗಳಲ್ಲಿ ಮನೆಕೆಲಸಕ್ಕೆ ಹೋಗುವ ನಮ್ಮ ಹೆಂಗಸರೇ ಇದಕ್ಕೆ ಹೆಚ್ಚು ಒಡ್ಡಿಕೊಳ್ಳುವವರು. ಬ್ಲೀಚಿಂಗ್ ಪೌಡರಿನ ಪಾಠ ಹತ್ತನೇ ತರಗತಿಯಲ್ಲಿದೆ. ಉಪಯೋಗಗಳ ಪಟ್ಟಿ ಬರೆಸಿ ಬಿಡುವ ಬದಲು, "ಅಮ್ಮಿಗೆ ಮನೆಗೆ ಹೋಗಿ ಏನು ಹೇಳ್ತೀಯ?" ಅನ್ನೋದನ್ನೇ ಹೋಮ್‌ವರ್ಕ್ ಮಾಡಿ. ವಾಸನೆ ಬಂದ ಕೂಡಲೇ ಹೊರಗೆ ಗಾಳಿಗೆ ಬರಬೇಕು, ಕೆಮ್ಮು ಅಥವಾ ಉಸಿರಿನ ತೊಂದರೆ ಇದ್ದರೆ ಆಸ್ಪತ್ರೆಗೆ ಹೋಗಬೇಕು.

ಪಾನ್ ಸುಣ್ಣದ ಪ್ಯಾಕೆಟ್ ಮಕ್ಕಳ ಕೈಗೆ ಕೊಡಲೇಬೇಡಿ. ಹಿಂಡುವಾಗ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಿಡಿದರೆ ಆ ಕ್ಷಣವೇ ನಲ್ಲಿ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಓಡಬೇಕು. ಶಾಲೆಯಲ್ಲಿ ಆಸಿಡ್ ತಿಳಿ ಮಾಡುವಾಗ ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಬಾಯಲ್ಲಿಟ್ಟು ರುಚಿ ನೋಡೋದು ಯಾವತ್ತೂ ಬೇಡ.

ಪರೀಕ್ಷೆಯ ಮಾತು

"ಇಷ್ಟೆಲ್ಲ ಮಾಡಿದ್ರೆ ಪೋರ್ಷನ್ ಮುಗಿಯುತ್ತಾ?" ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲ ಪಾಠಕ್ಕೂ ಪ್ರಯೋಗ ಬೇಕಿಲ್ಲ. ತಿಂಗಳಿಗೆ ಎರಡು ಒಳ್ಳೆಯ ಪಾಠ ಹೀಗೆ ಮಾಡಿ, ಉಳಿದದ್ದನ್ನು ಅದಕ್ಕೆ ಜೋಡಿಸಿ. ಪ್ರಶ್ನೆ ಕೇಳುವ ಧಾಟಿ ಬದಲಾಯಿಸೋದಕ್ಕಂತೂ ಹೆಚ್ಚು ಸಮಯ ಬೇಡ. "ತುಕ್ಕು ಎಂದರೇನು?" ಎಂದು ಕೇಳುವ ಕಡೆ "ಮೊಳೆ ತುಕ್ಕು ಹಿಡಿದಿದೆ, ತುಕ್ಕು ಒಂದಿಷ್ಟೂ ಉದುರಿಲ್ಲ. ತೂಕ ಹೆಚ್ಚಾಗಿದೆಯೋ, ಕಡಿಮೆಯಾಗಿದೆಯೋ?" ಎಂದು ಕೇಳಿ. ತುಕ್ಕು ಕಬ್ಬಿಣವನ್ನು ತಿನ್ನುತ್ತೆ ಅಂತ ಕೇಳಿ ಬೆಳೆದ ಮಕ್ಕಳು ಕಡಿಮೆ ಅಂತಾರೆ. ಆಕ್ಸಿಜನ್ ಮತ್ತು ನೀರು ಬಂದು ಸೇರಿಕೊಂಡಿವೆ ಅನ್ನೋದನ್ನು ಹಿಡಿದ ಮಗು ಮಾತ್ರ ಹೆಚ್ಚು ಅನ್ನುತ್ತೆ. ಇಂಥ ಪ್ರಶ್ನೆಗೆ ತಯಾರಾದವರು ಬೋರ್ಡ್ ಪರೀಕ್ಷೆಯ ಪ್ರಶ್ನೆಗೂ ಉತ್ತರ ಬರೆಯುತ್ತಾರೆ.

ಹತ್ತನೆಯದರ ನಂತರ ವಿಜ್ಞಾನ ಬಿಡುವ ಮಕ್ಕಳಲ್ಲಿ, ವಿಶೇಷವಾಗಿ ನಮ್ಮ ಹೆಣ್ಣುಮಕ್ಕಳಲ್ಲಿ, ಬುದ್ಧಿಗೆ ಕೊರತೆಯಿಲ್ಲ. "ಇದು ನನ್ನದಲ್ಲ" ಅನ್ನೋ ಭಾವನೆ ಮೊದಲೇ ಬಂದುಬಿಟ್ಟಿರುತ್ತೆ. ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನೀಷಿಯನ್ ಕೆಲಸ, ಮೆಡಿಕಲ್, ಎಲ್ಲದರ ಬಾಗಿಲಲ್ಲೂ ಈ ಶಾಸ್ತ್ರ ನಿಂತಿದೆ. ಆದ್ದರಿಂದ ಅದರ ಹೆದರಿಕೆ ತೆಗೆಯೋದು ಅಂಕದ ಲೆಕ್ಕಕ್ಕಿಂತ ದೊಡ್ಡ ಕೆಲಸ. ನೀವು ಶಿಕ್ಷಕರಾದರೆ ಈ ವಾರ ಒಂದು ಪಾಠವನ್ನು ಅರಿಶಿನದಿಂದ ಶುರು ಮಾಡಿ ನೋಡಿ. ಪಾಲಕರಾದರೆ ಇವತ್ತು ಚಹಾಕ್ಕೆ ನೀರಿಟ್ಟಾಗ ಗುಳ್ಳೆಯ ಪ್ರಶ್ನೆ ಕೇಳಿ. ಉತ್ತರ ತಪ್ಪಾದರೆ ಬೈಯಬೇಡಿ, ಕಾಗದ-ಪೆನ್ಸಿಲ್ ಕೊಟ್ಟು ಚಿತ್ರ ಬರೆಯಲು ಹೇಳಿ.